ಎರಡೂವರೆ ಸೆಂಟಿಮೀಟರಿನ ಗುಮಾನಿ

ಅಳತೆ ಕಚೇರಿಯಲ್ಲಿ ಎಲ್ಲರೂ ಅವನನ್ನು ಗುಮಾನಿ ಸಾಹೇಬ ಎಂದೇ ಕರೆಯುತ್ತಿದ್ದರು, ಬೆನ್ನ ಹಿಂದೆ. ಎದುರಿಗೆ ಕರೆಯುವ ಎದೆಗಾರಿಕೆ ಯಾರಿಗಿತ್ತು? ಚಹಾ ತಂದಿಟ್ಟರೆ ಮೊದಲು ಲೋಟದ ತಳ ನೋಡುವ ಮನುಷ್ಯ. ಮೇಜಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದು ಮೂರನೆಯ ಸಲ ಎಳೆಯುತ್ತಿದ್ದ. ಇಂಥವನಿಗೆ ಎತ್ತರ ಅಳೆಯುವ ಕೆಲಸ ಸಿಕ್ಕಿದ್ದು ಕಚೇರಿಯ ಪುಣ್ಯ, ಮನೆಯವರ ಕರ್ಮ.

ಬಯಲಿನ ಸೇತುವೆಯಿಂದ ಬೆಟ್ಟದ ತುದಿಯವರೆಗೆ ರಸ್ತೆಯುದ್ದಕ್ಕೂ ಬಂಡೆಗಳಲ್ಲಿ ತೊಂಬತ್ತು ಹಿತ್ತಾಳೆ ಮೊಳೆ ಹೊಡೆದಿದ್ದರು. ಐದು ವರ್ಷಕ್ಕೊಮ್ಮೆ ಒಂದೊಂದರ ಎತ್ತರ ಅಳೆಯಬೇಕು. ಒಬ್ಬ ಅಂಕಿ ಬರೆದ ಉದ್ದನೆಯ ಕೋಲನ್ನು ಮೊಳೆಯ ಮೇಲೆ ನೆಟ್ಟಗೆ ಹಿಡಿಯುತ್ತಾನೆ. ಇನ್ನೊಬ್ಬ ದೂರದಿಂದ ದುರ್ಬೀನಿನಲ್ಲಿ ಅಂಕಿ ಓದುತ್ತಾನೆ. ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ. ದುರ್ಬೀನು ಗುಮಾನಿಯದು. ಕೋಲು ಅವನ ಭಾವನದು, ಅಂದರೆ ಇದ್ದೊಬ್ಬ ಅಕ್ಕನ ಗಂಡನದು.

ಇಬ್ಬರೂ ಮೊದಲ ಸಲ ಅಳೆದಾಗ ತುದಿಯ ಮೊಳೆ ಹಳೆಯ ಪುಸ್ತಕದ ಅಂಕಿಗಿಂತ ಎರಡೂವರೆ ಸೆಂಟಿಮೀಟರ್ ಮೇಲೆ ಬಂತು. ಐದು ವರ್ಷ ಬಿಟ್ಟು ಅಳೆದರೆ ಅದರ ಮೇಲೆ ಮತ್ತೆ ಎರಡೂವರೆ. ಗುಮಾನಿಯ ತಲೆಗೆ ಹುಳ ಹೊಕ್ಕಿತು. ಕೈತಪ್ಪಾದರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬರಬೇಕು. ಎರಡು ಸಲವೂ ಮೇಲಕ್ಕೇ ಬಂದರೆ ಅದು ಯಾರದೋ ಕೈಚಳಕ. ಕೋಲಿನ ಹತ್ತಿರ ಇದ್ದವನಂತೂ ಒಬ್ಬನೇ.

"ಭಾವ, ಚಳಿಗೆ ಬೇಗ ಮುಗೀಲಿ ಅಂತ ಕೋಲನ್ನ ಮೊಳೆ ಬಿಟ್ಟು ಪಕ್ಕದ ಕಲ್ಲಿನ ಮೇಲೆ ಇಟ್ರಾ?"

"ಇಲ್ಲ ಕಣಯ್ಯ. ಬೆಟ್ಟಾನೇ ಎದ್ದಿರ್ಬೇಕು, ನಂಗೇನ್ ಗೊತ್ತು."

ತಮಾಷೆ ಮಾಡಿ ಜಾರಿಕೊಳ್ಳುವವನೇ ಕಳ್ಳ ಎಂಬುದು ಗುಮಾನಿಯ ಖಚಿತ ಅಭಿಪ್ರಾಯ. ವರದಿ ಬರೆದ. ಭಾವನನ್ನು ಹೊರಗಿನ ಕೆಲಸದಿಂದ ತೆಗೆದು ನೆಲಮಾಳಿಗೆಯ ಉಗ್ರಾಣಕ್ಕೆ ಹಾಕಿದರು. ಅಂದಿನಿಂದ ಅಕ್ಕ ತಮ್ಮನ ಹೊಸ್ತಿಲು ತುಳಿಯಲಿಲ್ಲ. ತಾಯಿ ಸತ್ತ ಮೇಲೆ ಅವನನ್ನು ಸಾಕಿ ಬೆಳೆಸಿದವಳು ಅವಳೇ. ರಸ್ತೆಯಲ್ಲಿ ಎದುರಾದಾಗ ಅವಳು ಮುಖ ತಿರುಗಿಸಿದರೆ ಮರೆಯಾಗುವ ತನಕ ನಿಂತು ನೋಡುತ್ತಿದ್ದ. ಆದರೂ ಹಟ ಬಿಡಲಿಲ್ಲ.

ಈ ವರ್ಷ ಮೂರನೆಯ ಅಳತೆ. ಕೋಲಿಗೆ ಹೊಸಬ. ಗುಮಾನಿ ಪ್ರತಿ ಮೊಳೆಗೂ ತಾನೇ ನಡೆದು, ಬಗ್ಗಿ, ಕೋಲಿನ ಬುಡ ಮುಟ್ಟಿ ನೋಡಿ ಬಂದ. ಮತ್ತೆ ಎರಡೂವರೆ, ಮತ್ತೆ ಮೇಲಕ್ಕೇ. ಹೊಸಬನನ್ನು ದುರುಗುಟ್ಟಿ ನೋಡಿದ. ಜೀಪಿನ ಡ್ರೈವರ್ ಮೊಳೆ ಕಿತ್ತು ಎತ್ತರಿಸಿ ಕೂರಿಸಿದನೇನೋ ಎಂದು ಬಂಡೆಯನ್ನು ಉಗುರಿನಿಂದ ಕೆರೆದ. ಆಗ ಬೇರೆಯೇ ಯೋಚನೆ ಬಂದು ಆ ಚಳಿಯಲ್ಲೂ ಬೆವರಿದ. ಭಾವ ಇಲ್ಲದೆಯೂ ಹೀಗೇ ಬಂದರೆ, ಭಾವ ಮಾಡಿದ ತಪ್ಪೇನು?

ಮೂರೂ ಸಲದ ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ಮೇಲಿನ ಮಹಡಿಯ ಭೂವಿಜ್ಞಾನದ ಮೇಡಂ ಬಳಿ ಹೋದ.

"ಬೆಟ್ಟ ಏಳ್ತಾ ಇದೆ," ಎಂದರು ಮೇಡಂ. "ಎರಡು ಭೂಖಂಡ ಒಂದಕ್ಕೊಂದು ಒತ್ತಿಕೊಂಡಿವೆ. ಮಧ್ಯೆ ಸಮುದ್ರ ಇತ್ತು, ಮುಚ್ಚಿಹೋಯ್ತು. ಜಮಖಾನ ಗೋಡೆಗೆ ತಳ್ಳಿದ್ರೆ ಮಡಿಕೆ ಏಳುತ್ತಲ್ಲ, ಹಾಗೆ ಸಮುದ್ರದ ತಳದ ಮಣ್ಣುಕಲ್ಲೆಲ್ಲ ಮಡಚಿಕೊಂಡು ಮೇಲೆದ್ದಿದೆ. ಒತ್ತೋದು ಇನ್ನೂ ನಿಂತಿಲ್ಲ."

"ಬೆಟ್ಟ ಮಡಿಕೆ ಅನ್ನಿ. ಸೇತುವೆ ಬಯಲು ಬಿಡಿ, ಬೆಟ್ಟದಾಚೆ ಅಷ್ಟು ದೊಡ್ಡ ಬಯಲಿದೆಯಲ್ಲ, ಚಪ್ಪಟೆ. ಅದ್ಯಾಕೆ ಅಷ್ಟು ಎತ್ತರದಲ್ಲಿದೆ?" ಮೇಡಂ ಸಿಕ್ಕಿಬಿದ್ದರು ಎಂದುಕೊಂಡ.

"ಅಲ್ಲಿ ನೆಲದ ಪದರ ಒತ್ತಡಕ್ಕೆ ಎರಡರಷ್ಟು ದಪ್ಪ ಆಗಿದೆ. ಕೆಳಗಿನ ಬಂಡೆ ಅದಕ್ಕಿಂತ ಭಾರ. ದಪ್ಪ ದಿಮ್ಮಿ ನೀರಲ್ಲಿ ತೆಳು ಹಲಗೆಗಿಂತ ಮೇಲೆದ್ದು ತೇಲುತ್ತಲ್ಲ, ಹಾಗೆ."

ನೆಲ ತೇಲುತ್ತದಂತೆ. ಯಾರ ಕಿವಿಗೆ ಹೂವು ಇಡುತ್ತಾರೆ ಇವರು? ಆದರೆ ಮೇಡಂ ಪುಟ ತಿರುವುತ್ತ ಅಂಕಿಗಳನ್ನು ತೋರಿಸಿದರು. ಸೇತುವೆಯ ಬಳಿ ಏನೂ ಬದಲಾಗಿಲ್ಲ. ಬೆಟ್ಟ ಹತ್ತಿರವಾದಂತೆ ಮೊಳೆಯಿಂದ ಮೊಳೆಗೆ ಕೂದಲೆಳೆಯಷ್ಟು ಏರಿಕೆ. ತೊಂಬತ್ತು ಕಡೆ ಇಷ್ಟು ನಾಜೂಕಾಗಿ ಮೋಸ ಮಾಡಲು ಯಾರಿಂದಾದೀತು? ಆಮೇಲೆ ಅವರ ಬೆರಳು ಹಳೆಯ ಎರಡು ಪುಸ್ತಕಗಳ ಮೇಲೆ ನಿಂತಿತು.

"ಇವುಗಳಲ್ಲಿ ಹೋಗ್ತಾ ಅಳೆದಿದ್ದಕ್ಕೂ ಬರ್ತಾ ಅಳೆದಿದ್ದಕ್ಕೂ ವ್ಯತ್ಯಾಸವೇ ಇಲ್ಲ ಅನ್ನಬಹುದು. ಈ ವರ್ಷದ್ದು ಇಷ್ಟು ಚೆನ್ನಾಗಿಲ್ಲ. ಆಗ ಕೋಲು ಹಿಡಿದೋರು ಯಾರು? ಅಂಥ ಕೈ ಸಿಗೋದು ಕಷ್ಟ."

ಗುಮಾನಿ ಪುಸ್ತಕಗಳನ್ನು ಎತ್ತಿಕೊಂಡು ನೆಲಮಾಳಿಗೆಗೆ ಇಳಿದ.

ಉಗ್ರಾಣದಲ್ಲಿ ಭಾವ ಹಗ್ಗ ಸುತ್ತುತ್ತ ಎಲ್ಲವನ್ನೂ ಕೇಳಿಸಿಕೊಂಡ. "ಅವತ್ತು ವರದಿ ಬರೆದ್ಯಲ್ಲ, ಇದನ್ನೂ ಬರೆದುಕೊಡು. ನಾಳೆ ಹೇಳೇ ಇಲ್ಲ ಅಂದ್ರೆ?" ಎಂದ. ಗುಮಾನಿ ಬರೆದುಕೊಟ್ಟ. ಭಾವ ಅದನ್ನು ಎರಡು ಸಲ ಓದಿ, ಸಹಿಯನ್ನು ಬೆಳಕಿಗೆ ಹಿಡಿದು ನೋಡಿದ. ಮೊದಲು ಹೀಗಿರಲಿಲ್ಲ ಭಾವ. ಈ ಚಾಳಿ ಅಂಟಿಸಿದವನು ತಾನೇ ಎಂದು ಗುಮಾನಿಗೆ ನಾಚಿಕೆಯಾಯಿತು.

ಸಂಜೆ ಅಕ್ಕನ ಮನೆಗೆ ಹೋದ. ಅವಳು ಅರ್ಧ ಬಾಗಿಲು ತೆರೆದು ಅಡ್ಡ ನಿಂತಳು. ಅವನು ಎರಡು ಭೂಖಂಡಗಳಿಂದ ಶುರುಮಾಡಿ, ಸಮುದ್ರ ಮುಚ್ಚಿ, ಬೆಟ್ಟದವರೆಗೆ ಬಂದ.

"ತಪ್ಪನ್ನ ಬೆಟ್ಟದ ಮೇಲೆ ಹಾಕ್ಬೇಡ," ಎಂದಳು ಅಕ್ಕ. "ಅದು ಎದ್ರೆ ಏಳಲಿ, ಬಿದ್ರೆ ಬೀಳಲಿ. ಲೆಕ್ಕ ತಾಳೆ ಆಗ್ದೇ ಇದ್ದಾಗ ನಿನ್ನ ಕಣ್ಣು ಮೊದ್ಲು ಹೋಗಿದ್ದು ನನ್ನ ಗಂಡನ ಮೇಲೆ."

"ಭೂಮಿ ಅಲ್ಲಾಡುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ ಅಕ್ಕ. ತಪ್ಪಾಯ್ತು."

"ಭೂಮಿ ಬಿಟ್ಟು ಹೇಳು."

"ತಪ್ಪಾಯ್ತು."

ಅಕ್ಕ ಅವನ ಮುಖವನ್ನೇ ನೋಡಿದಳು. "ನಾಳೆ ಬಾ. ನಿನ್ನ ನಂಬೋಕೆ ನಂಗೂ ಸ್ವಲ್ಪ ಹೊತ್ತು ಬೇಕು."

"ಬರ್ತೀನಿ."

"ಬರ್ತೀಯ ಅಂತ ಏನು ಗ್ಯಾರಂಟಿ?"

ಗುಮಾನಿ ಚಪ್ಪಲಿ ಬಿಟ್ಟು ಅವಳ ಮೆಟ್ಟಿಲ ಮೇಲೆ ಕೂತುಬಿಟ್ಟ.