ಬ್ರೇಕಿಗೆ ಎರಡು ಹನಿ ಎಣ್ಣೆ

ಮೊನ್ನೆ ಭಾನುವಾರ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಬಾಟಲಿಯೊಂದು ಕೈಗೆ ಸಿಕ್ಕಿತು. ಬಿರಡೆ ತೆಗೆದೆ. ಚಿಮಣಿ ಎಣ್ಣೆಯ ವಾಸನೆ. ರೇಷನ್ನಿನಲ್ಲಿ ಅದನ್ನು ಕೊಡುವುದು ನಿಂತು ಎಷ್ಟೋ ಕಾಲವಾಯಿತು. ಯಲಬುರ್ಗಾದ ನಮ್ಮ ಓಣಿಯ ಸಣ್ಣ ಮಕ್ಕಳಿಗೆ ಅದು ಯಾವುದರ ವಾಸನೆ ಎಂದೂ ಗೊತ್ತಾಗಲಿಕ್ಕಿಲ್ಲ. ಬೇರೆಯವರಾಗಿದ್ದರೆ ಕಂದೀಲು, ಸ್ಟೋವು, ಬಾಲ್ಯ ಎಂದು ಸುಖವಾಗಿ ನೆನೆಯುತ್ತ ಕೂರುತ್ತಿದ್ದರು. ನನಗೆ ನೆನಪಾದದ್ದು ಬೇರೆ. ಕೆಳಗೆ ಅಡುಗೆಮನೆಯಲ್ಲಿ ಹೆಂಡತಿ ಶರಣಮ್ಮ, ಗಂಗಾವತಿಯಿಂದ ಬಂದಿದ್ದ ತನ್ನ ತಮ್ಮ ಹನುಮೇಶನಿಗಾಗಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬಿರಡೆಯನ್ನು ಒತ್ತಿ ಮುಚ್ಚಿ ಅಟ್ಟದ ಮೇಲೆಯೇ ಕುಳಿತುಬಿಟ್ಟೆ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ, ನಗಬೇಡಿ. ನಾನು ಹೈಸ್ಕೂಲೊಂದರಲ್ಲಿ ಗುಮಾಸ್ತ. ಮನೆಗೆ ಕೀಲಿ ಹಾಕಿ ನಾಲ್ಕು ಹೆಜ್ಜೆ ಹೋದವನು ವಾಪಸು ಬಂದು ಕೀಲಿ ಜಗ್ಗಿ ನೋಡುತ್ತೇನೆ. ಕುಷ್ಟಗಿ ಬಸ್ಸಿನಲ್ಲಿ ಕೂತ ಮೇಲೂ ಇದು ಕುಷ್ಟಗಿಗೇ ಹೋಗುತ್ತದಲ್ಲವೇ ಎಂದು ಕಂಡಕ್ಟರನನ್ನೊಮ್ಮೆ, ಪಕ್ಕದವರನ್ನೊಮ್ಮೆ ಕೇಳುತ್ತೇನೆ. ಒಂದು ಸಲ ಪಕ್ಕದವರೂ ನನ್ನಂಥವರೇ ಸಿಕ್ಕು, ಇಬ್ಬರೂ ಕೆಳಗಿಳಿದು ಬೋರ್ಡು ಓದಿ ಬಂದೆವು. ಇಂಥವನ ಕೈಗೆ ಎಂಜಿನ್ ಕೂಡಿಸಿದ ಸೈಕಲ್ಲಿನ ಚೈನು, ಬ್ರೇಕು ಎರಡೂ ಬಂದವು ಎಂದರೆ ದೇವರಿಗೂ ತಮಾಷೆ ಬೇಕಾಗಿತ್ತು ಅಂತಲೇ ಲೆಕ್ಕ.

ಸೈಕಲ್ಲು ಶರಣಮ್ಮನದು. ಮೂರು ಮೈಲಿ ಆಚೆಯ ಹಳ್ಳಿಯೊಂದರಲ್ಲಿ ಆಕೆ ಅಂಗನವಾಡಿ ಟೀಚರು. ಮೊಣಕಾಲು ನೋವು ಶುರುವಾದ ಮೇಲೆ ಏರಿನಲ್ಲಿ ಪೆಡಲು ತುಳಿಯುವುದು ಆಗದಾಯಿತು. ಸ್ಕೂಟಿ ಕಲಿ ಎಂದರೆ ಅದರ ಭಾರ ತನಗೆ ಒಗ್ಗುವುದಿಲ್ಲ ಎಂದಳು. ಹನುಮೇಶ ಗಂಗಾವತಿಯಲ್ಲಿ ಭತ್ತಕ್ಕೆ ಔಷಧ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುವವನು. ಅಕ್ಕನ ಸಂಕಟ ಕೇಳಿ, ಗುಜರಿಗೆ ಬಂದ ಪಂಪೊಂದರ ಎಂಜಿನ್ನು ಬಿಚ್ಚಿ ತಂದು ಆಕೆಯ ಸೈಕಲ್ಲಿಗೇ ಕೂಡಿಸಿದ. ಪೆಡಲಿಗೊಂದು ಚೈನು, ಎಂಜಿನ್ನಿಗೊಂದು ಚೈನು. ಬ್ರೇಕು ಮಾತ್ರ ಹಳೆಯವೇ: ಹಿಡಿಕೆ ಒತ್ತಿದರೆ ಕಬ್ಬಿಣದ ಸರಳು ಎಳೆದು ರಬ್ಬರಿನ ತುಂಡುಗಳು ಗಾಲಿಯ ರಿಮ್ಮಿಗೆ ಒತ್ತಿಕೊಳ್ಳುವಂಥವು.

"ಮಾವಾರ, ಚೈನ್ ಒಂದು ಬೆರಳಷ್ಟು ಸಡಿಲ ಇರ್ಲಿ. ಎಂಟು ದಿನಕ್ಕೊಮ್ಮೆ ಎಣ್ಣಿ ಬಿಡ್ರಿ. ಅಕ್ಕನ ಜೀವ ಇನ್ನ ನಿಮ್ಮ ಕೈಯಾಗ ಐತಿ" ಎಂದು ನಗುತ್ತ ಹೇಳಿ ಹೋದ. ಅವನಿಗೆ ನಗು, ನನಗೆ ಜ್ವರ. ಒಂದು ಬೆರಳು ಎಂದರೆ ಯಾರ ಬೆರಳು? ಅವನದು ಬಾಳೆಹಣ್ಣಿನಂಥದ್ದು, ನನ್ನದು ಸೀಸದ ಕಡ್ಡಿ. ಗಂಗಾವತಿಗೆ ಫೋನು ಮಾಡಿ ಕೇಳಿದೆ. ಅವನು ಮೊದಲು ನಕ್ಕ. ಆಮೇಲೆ, ಇಬ್ಬರ ಬೆರಳಿನ ನಡುವೆ ಎಲ್ಲಾದರೂ ಇಟ್ಟುಕೊಳ್ಳಿ ಎಂದ. ಅಂದಿನಿಂದ ದಿನಾ ಬೆಳಿಗ್ಗೆ ಚಹಾಕ್ಕೂ ಮೊದಲು ನಾನು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಚೈನು ಒತ್ತಿ ನೋಡುವುದು ರೂಢಿಯಾಯಿತು. ಶರಣಮ್ಮ ಬಾಗಿಲಲ್ಲಿ ನಿಂತು, ಮದುವೆಯಾದಾಗಿನಿಂದ ತನ್ನ ನಾಡಿಯನ್ನು ಒಮ್ಮೆಯೂ ಇಷ್ಟು ಆಸ್ಥೆಯಿಂದ ಹಿಡಿದವರಲ್ಲ ಎಂದು ಛೇಡಿಸುತ್ತಿದ್ದಳು.

ಚೈನು ಸುಮ್ಮನಿತ್ತು. ಬ್ರೇಕು ಸುಮ್ಮನಿರಲಿಲ್ಲ. ಓಣಿಯ ತಿರುವಿನಲ್ಲಿ ಆಕೆ ಹಿಡಿಕೆ ಒತ್ತಿದರೆ ಕಿರ್ರೋ ಎಂದು ಅರಚುತ್ತಿತ್ತು. ಟೀಚರ್ ಬಂದರು ನೋಡಿ ಎಂದು ಎದುರುಮನೆಯವರು ನಗುತ್ತಿದ್ದರು. ನನ್ನಂಥವನಿಗೆ ಸದ್ದು ಎಂದರೆ ರೋಗ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಹೊಲಿಗೆ ಯಂತ್ರ ಗೊರಗೊರ ಎಂದರೆ ಎಣ್ಣೆ. ಒಂದು ಸಂಜೆ ಅದೇ ಹೊಲಿಗೆ ಯಂತ್ರದ ಎಣ್ಣೆಯನ್ನು ತಂದು ಒಂದೊಂದು ರಬ್ಬರಿಗೆ ಎರಡೆರಡು ಹನಿ ಬಿಟ್ಟೆ. ಬಟ್ಟೆಗೆ ಹತ್ತಿದ ಎಣ್ಣೆ ಹಾಳಾಗಬಾರದೆಂದು ರಿಮ್ಮನ್ನೂ ಸುತ್ತ ಒರೆಸಿ ಫಳಫಳ ಮಾಡಿದೆ. ಅಂಗಳದಲ್ಲಿ ಸೈಕಲ್ಲನ್ನು ಮೆಲ್ಲಗೆ ತಳ್ಳಿ ಬ್ರೇಕು ಒತ್ತಿದೆ, ಒಂದಿಷ್ಟೂ ಸದ್ದಿಲ್ಲ. ಶರಣಮ್ಮ ನೋಡಿ, ಅಗದೀ ಛಲೋ ಆಯಿತು ಎಂದಳು. ನಾನು ಉಬ್ಬಿಹೋದೆ.

ನಿಮಗೆ ಆಗಲೇ ತಿಳಿದಿದೆ. ನಾಚಿಕೆಯ ಮಾತೆಂದರೆ ನನಗೂ ತಿಳಿದಿತ್ತು. ಘರ್ಷಣೆ ಎಂದರೇನು, ಅದರ ಉಪಯೋಗಕ್ಕೆ ಒಂದು ಉದಾಹರಣೆ ಕೊಡಿ ಎಂಬ ಪ್ರಶ್ನೆಯನ್ನು ಪರೀಕ್ಷೆಗೆಂದು ಎಷ್ಟು ವರ್ಷ ಇದೇ ಬೆರಳುಗಳಿಂದ ಟೈಪು ಮಾಡಿದ್ದೇನೋ.

ಮರುದಿನ ಬೆಳಿಗ್ಗೆ ಆಕೆ ಹೋದಳು. ಹಳ್ಳಿಗೆ ಮುಂಚೆ ಒಂದು ದಿನ್ನೆ, ಅದನ್ನು ದಾಟಿದರೆ ಉದ್ದನೆಯ ಇಳಿಜಾರು, ಕೆಳಗೆ ಹಳ್ಳದ ಸೇತುವೆ. ಅರ್ಧ ಇಳಿಜಾರಿನಲ್ಲಿ ಎರಡೂ ಬ್ರೇಕು ಒತ್ತಿದಳಂತೆ, ಗಾಲಿ ಕೇಳಲೇ ಇಲ್ಲ. ಸೇತುವೆಗೆ ಹೋಗಿ ಬಡಿಯುವ ಬದಲು ರಸ್ತೆ ಕೆಲಸಕ್ಕೆಂದು ಸುರಿದಿದ್ದ ಮೊರಮು ಮಣ್ಣಿನ ಗುಡ್ಡೆಗೆ ಹ್ಯಾಂಡಲು ತಿರುಗಿಸಿದಳು. ಎಡಗೈ ಮಣಿಕಟ್ಟು ಮುರಿಯಿತು. ಕೊಪ್ಪಳದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವಾಗ ಆಕೆ ನನಗೆ ಹೇಳಿದ್ದು ಇಷ್ಟೇ: "ಬ್ರೇಕ್ ಹಿಡೀಲೇ ಇಲ್ರಿ."

ಸಂಜೆ ಯಾರೋ ಸೈಕಲ್ಲನ್ನು ಅಂಗಳಕ್ಕೆ ತಂದು ನಿಲ್ಲಿಸಿದ್ದರು. ರಿಮ್ಮಿನ ಮೇಲೆ ಬೆರಳಾಡಿಸಿದೆ. ಎಣ್ಣೆ, ಎಣ್ಣೆಗೆ ಅಂಟಿದ ಕೆಂಪು ಮೊರಮು. ಆಗ ಹೊಳೆಯಿತು, ಇದು ನನ್ನ ಎಣ್ಣೆಯ ಕೆಲಸ. ಹನುಮೇಶ ಗಂಗಾವತಿ ಬಿಟ್ಟಾಗಿತ್ತು, ಇನ್ನೇನು ಬರುತ್ತಾನೆ. ನಾನೇನು ಮಾಡಿದೆ ಎಂದು ಕೇಳಿ. ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಎರಡೂ ರಿಮ್ಮು, ಎಲ್ಲಾ ರಬ್ಬರು ತಿಕ್ಕಿ, ವಾಸನೆಯೂ ಉಳಿಯದಂತೆ ಸಾಬೂನಿನ ನೀರಲ್ಲಿ ತೊಳೆದೆ. ಕೀಲಿ ಜಗ್ಗುವಾಗಲೂ ನಡುಗುವ ಈ ಕೈ ಆವತ್ತು ನಡುಗಲಿಲ್ಲ.

ಹನುಮೇಶ ಬಂದವನೇ ಸರಳು, ನಟ್ಟು ಎಲ್ಲ ಬಿಚ್ಚಿ ನೋಡಿದ. ಏನೂ ಸಿಗಲಿಲ್ಲ. ಸಿಗದೇ ಹೋದದ್ದರಿಂದ ತಪ್ಪು ತನ್ನದೇ ಎಂದುಕೊಂಡ. ಹಳೆಯ ಬ್ರೇಕಿಗೆ ಎಂಜಿನ್ನು ಕೂಡಿಸಬಾರದಿತ್ತು ಎಂದು ಅಕ್ಕನ ಮುಂದೆ ಅತ್ತು, ಎಂಜಿನ್ನು ಬಿಚ್ಚಿಕೊಂಡು ಹೋದ. ಆಮೇಲೆ ಇಂಥದ್ದನ್ನು ಕಟ್ಟಲೇ ಇಲ್ಲ. ಸಿದ್ದಾಪುರದ ಕಾಲು ಸೊಟ್ಟಗಿದ್ದ ಒಬ್ಬರು ಎರಡು ಸಲ ಬಂದು ಕೇಳಿಕೊಂಡರೂ ಒಪ್ಪಲಿಲ್ಲವಂತೆ. ಶರಣಮ್ಮ ಎರಡು ವರ್ಷ ಸರ್ಕಲ್ಲಿನಲ್ಲಿ ನಿಂತು, ಅವರಿವರ ಬೈಕಿನ ಹಿಂದೆ ಕೂತು ಅಂಗನವಾಡಿಗೆ ಹೋದಳು. ಯುಗಾದಿ ಆಗಲಿ ಹೇಳೋಣ, ದಸರೆ ಮುಗಿಯಲಿ ಹೇಳೋಣ ಎಂದು ನಾನು ದಿನ ದೂಡಿದೆ.

ಮೊನ್ನೆ ಅಟ್ಟದಿಂದ ಇಳಿದು ಊಟಕ್ಕೆ ಕೂತೆ. ಶರಣಮ್ಮ ರೊಟ್ಟಿ ಬಡಿಸುತ್ತ, ಇನ್ನು ಕಂಡವರ ಬೈಕು ಕಾಯುವುದು ಸಾಕಾಗಿದೆ, ಸೈಕಲ್ಲಿಗೆ ಎಂಜಿನ್ನು ಮತ್ತೆ ಹಾಕಿಕೊಡು ಎಂದು ತಮ್ಮನಿಗೆ ಹೇಳಿದಳು. ಅವನು ಇನ್ನೂ ಪೂರ್ತಿ ತಿರುಗದ ಆಕೆಯ ಮಣಿಕಟ್ಟನ್ನು ನೋಡಿದ.

"ಬ್ಯಾಡಬೇ ಅಕ್ಕಾ. ನನ್ನ ಕೈಮ್ಯಾಲ ನನಗ ನಂಬಿಕಿ ಉಳಿದಿಲ್ಲ."

ದೂರದಿಂದ ಸದ್ದು ಕೇಳಿಯೇ ಪಂಪಿಗೆ ಏನಾಗಿದೆ ಎಂದು ಹೇಳುವ ಹುಡುಗ ಅವನು. ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. ಹೇಳಿಬಿಟ್ಟೆ. ಹೊಲಿಗೆ ಯಂತ್ರದ ಎಣ್ಣೆ, ಒರೆಸಿದ ಬಟ್ಟೆ, ಆಮೇಲೆ ತೊಳೆದದ್ದು, ಒಂದನ್ನೂ ಬಿಡದೆ.

ಹನುಮೇಶ ಕೇಳಿದ್ದು ಒಂದೇ, ರಿಮ್ಮಿಗೂ ಹಚ್ಚಿದಿರಾ ಎಂದು. ಹೌದೆಂದೆ. ಅವನು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡ, ಬಹಳ ಹೊತ್ತು ತೊಳೆದುಕೊಂಡ.

"ಕೈ ಮುರಿದದ್ದಕ್ಕ ನನಗ ಸಿಟ್ಟಿಲ್ರಿ" ಎಂದಳು ಶರಣಮ್ಮ. "ನನ್ನ ತಮ್ಮ ಎರಡು ವರ್ಷ ತನ್ನನ್ನ ತಾನ ಬೈಕೊಂಡ. ನೀವು ನೋಡಕೋಂತ ಕುಂತ್ರಿ."

ಮೂರು ದಿನ ಆಕೆ ನನ್ನ ಕೂಡ ಮಾತಾಡಲಿಲ್ಲ. ನಿನ್ನೆ ಹನುಮೇಶ ಬಂದು ಎಂಜಿನ್ನು ಕೂಡಿಸಿ, ಹೊಸ ರಬ್ಬರು ಹಾಕಿ ಹೋದ. ನನ್ನ ಕಡೆ ಹೆಚ್ಚು ನೋಡಲಿಲ್ಲ. ಆದರೆ ಕೆಲಸ ಮಾಡುವಾಗ ಸೀಟಿ ಹೊಡೆಯುತ್ತಿದ್ದ.

ಇಂದು ಬೆಳಿಗ್ಗೆ ಶರಣಮ್ಮ ಹಿಂದೆ ಕೂತುಕೊಳ್ಳಿ ಎಂದಳು. ಕೂತೆ. ದಿನ್ನೆಯ ನೆತ್ತಿಯಲ್ಲಿ ಸೈಕಲ್ಲು ನಿಲ್ಲಿಸಿದಳು. ಕೆಳಗೆ ಸೇತುವೆ ಸಣ್ಣಗೆ ಕಾಣುತ್ತಿತ್ತು.

"ಬ್ರೇಕ್ ನೋಡಿರೇನು?"

ಹನುಮೇಶ ನಿನ್ನೆಯೇ ನೋಡಿದ್ದಾನಲ್ಲ ಎಂದೆ.

"ನಾ ಕೇಳಿದ್ದು ನಿಮ್ಮನ್ನ."

ಇಳಿದೆ. ರಸ್ತೆಯ ಮೇಲೆ ಮೊಣಕಾಲೂರಿ ಒಂದೊಂದು ರಬ್ಬರನ್ನೂ ಮುಟ್ಟಿದೆ, ರಿಮ್ಮಿನ ಸುತ್ತ ಬೆರಳು ಎಳೆದೆ, ಹಿಡಿಕೆ ಒತ್ತಿಸಿ ಸೈಕಲ್ಲು ತಳ್ಳಿ ನೋಡಿದೆ. ಹಾದುಹೋಗುವ ಬೈಕಿನವರು ನಿಧಾನ ಮಾಡಿ ನೋಡಿಕೊಂಡು ಹೋದರು. ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಎದ್ದು ನಿಂತು, ಹಿಡಿಯುತ್ತವೆ ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಆಕೆ ನನ್ನ ಮುಖವನ್ನು ನೋಡಿದಳು. ಬ್ರೇಕನ್ನು ನೋಡಲಿಲ್ಲ.

"ಹಂಗಾರ ಹತ್ರಿ" ಎಂದಳು.

ಹತ್ತಿದೆ. ಶರಣಮ್ಮ ನನ್ನ ಮಾತೊಂದನ್ನೇ ನಂಬಿ ಸೈಕಲ್ಲನ್ನು ಇಳಿಜಾರಿಗೆ ಬಿಟ್ಟಳು.