ಚಕ್ರಕ್ಕೆ ಕೊಟ್ಟ ಕಲ್ಲು

ಸಾಗರದಲ್ಲಿ ನಾನು ಡ್ರೈವಿಂಗ್ ಕಲಿಸುತ್ತೇನೆ. ನನ್ನ ಬಾಯಿ ಸರಿಯಿಲ್ಲ ಅಂತ ಊರಿಗೇ ಗೊತ್ತು. ಆದರೂ ಜನ ಬರುತ್ತಾರೆ, ಬೈಸಿಕೊಂಡು ಕಲಿತು ಹೋಗುತ್ತಾರೆ. ಕ್ಲಚ್ಚಿನ ಮೇಲೆ ಕಾಲು ಇಟ್ಟೇ ಗಾಡಿ ಓಡಿಸುವವರನ್ನು ಕಂಡರೆ, "ಕಾಲಿಡಕ್ಕೆ ಒಂದು ಮಣೆ ತಂದ್ಕೊಡ್ಲಾ?" ಅಂತ ಕೇಳುತ್ತೇನೆ. ಇಳುಕಲಿನಲ್ಲಿ ಡೀಸೆಲ್ ಉಳಿಸಲಿಕ್ಕೆಂದು ನ್ಯೂಟ್ರಲ್ ಮಾಡಿದ ಒಬ್ಬ ಮೇಷ್ಟ್ರನ್ನು ಅಲ್ಲೇ ಇಳಿಸಿ, ಬಸ್ಸಿಗೆ ಕೈ ಮಾಡಿ ಹತ್ತಿಸಿ ಕಳಿಸಿದ್ದೂ ಉಂಟು. ಪಾಪ, ಮಾರನೇ ದಿನ ಅವರೇ ವಾಪಸ್ ಬಂದರು.

ಎಲ್ಲಾ ಕಲಿಸಿ ಪರೀಕ್ಷೆಗೆ ಕಳಿಸುವ ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ. "ಏರಲ್ಲಿ ಗಾಡಿ ಪಂಕ್ಚರ್ ಆಯ್ತು. ಹಿಂದೆ ಜಾರ್ದೇ ಇರ್ಲಿ ಅಂತ ಚಕ್ರಕ್ಕೆ ಕಲ್ಲು ಕೊಟ್ರಿ. ಸ್ಟೆಪ್ನಿ ಹಾಕಿದ್ರಿ. ಆಮೇಲೆ ಎಂತ ಮಾಡ್ತೀರಿ?"

"ಹೊರಡದು ಸಾರ್" ಅನ್ನುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ಹಾಗೇ ಅನ್ನುತ್ತಾರೆ. ಆಗ ನನಗೆ ಬರುವ ಸಿಟ್ಟು ಎಂಥದ್ದು ಅಂದರೆ, ಕಲಿಯಲಿಕ್ಕೆ ಬಂದವರು ಕಾರಿನ ಬಾಗಿಲ ಕಡೆ ಸರಿದು ಕೂರುತ್ತಾರೆ.

ನಮ್ಮ ಕಡೆಯ ರಸ್ತೆಗಳೆಲ್ಲ ಒಂದೋ ಏರು, ಇಲ್ಲಾ ಇಳುಕಲು, ಅದೂ ಇಲ್ಲವೆಂದರೆ ತಿರುವು. ಗಾಡಿ ಕೆಟ್ಟು ನಿಂತರೆ ಡ್ರೈವರು ಮೊದಲು ಮಾಡುವ ಕೆಲಸ ಪಕ್ಕದ ಪೊದೆಯಿಂದ ಸೊಪ್ಪು ಮುರಿದು ತಂದು ಗಾಡಿಯ ಹಿಂದೆ ಒಂದಷ್ಟು ದೂರದವರೆಗೆ ಹಾಸುವುದು. ರಸ್ತೆಯಲ್ಲಿ ಹಸಿ ಸೊಪ್ಪು ಕಂಡರೆ ಮುಂದೆ ಏನೋ ನಿಂತಿದೆ, ನಿಧಾನ ಹೋಗಬೇಕು ಅಂತ ಯಾವ ಬೋರ್ಡೂ ಇಲ್ಲದೆ ಎಲ್ಲರಿಗೂ ಅರ್ಥವಾಗುತ್ತದೆ. ಎರಡನೆಯದು ಚಕ್ರಕ್ಕೆ ಕಲ್ಲು ಕೊಡುವುದು. ಇವೆರಡೂ ಒಳ್ಳೆಯ ಪದ್ಧತಿಗಳೇ. ನಾನೂ ಕಲಿಸುತ್ತೇನೆ. ಆದರೆ ಗಾಡಿ ರಿಪೇರಿಯಾದ ಮೇಲೆ ಡ್ರೈವರು ಹತ್ತಿ ಕೂತು ಹೊರಟೇಬಿಡುತ್ತಾನೆ. ಸೊಪ್ಪು ಬಾಡಿ ಗಾಳಿಗೆ ಹಾರಿಹೋಗುತ್ತದೆ. ಕಲ್ಲು ಮಾತ್ರ ರಸ್ತೆಯಲ್ಲೇ ಇರುತ್ತದೆ.

ಇದನ್ನು ನನಗೆ ಮೊದಲು ತೋರಿಸಿಕೊಟ್ಟವಳು ನನ್ನ ತಂಗಿ.

ತಂಗಿಯನ್ನು ಹೊಸನಗರದ ಆಚೆ, ತೀರ್ಥಹಳ್ಳಿ ರಸ್ತೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಅಂಗನವಾಡಿ ಟೀಚರು. ಅವಳ ಗಂಡ ಪಿಕಪ್ ಇಟ್ಟುಕೊಂಡಿದ್ದ. ಶುಂಠಿ, ಗೊಬ್ಬರ, ಸಿಮೆಂಟು, ಯಾರು ಏನು ಹೇಳಿದರೂ ಹೊಡೆಯುತ್ತಿದ್ದ. ನನಗಿಂತ ಚಿಕ್ಕವನಾದರೂ ತಂಗಿಯ ಗಂಡ ಅಲ್ಲವಾ, ನಾನು ಅವನನ್ನು ಭಾವ ಅಂತಲೇ, ನೀವು ಅಂತಲೇ ಮಾತಾಡಿಸುವುದು. ಅವನೂ ನನಗೆ ಭಾವ ಅನ್ನುತ್ತಾನೆ.

ಸ್ಕೂಟಿ ಕಲಿಯಲಿಕ್ಕೆ ತಂಗಿ ತವರಿಗೆ ಬಂದಿದ್ದಳು. ನಾನು ಎಲ್ಲರಿಗೂ ಬೈದ ಹಾಗೆ ಅವಳಿಗೂ ಬೈದೆ. "ಅಣ್ಣಯ್ಯ, ನೀ ಬೈದ್ರೆ ನಂಗೆ ಎಡ ಯಾವ್ದು ಬಲ ಯಾವ್ದು ಮರ್ತುಹೋಗ್ತದೆ. ಬಾಯಿಗೆ ಸ್ವಲ್ಪ ಬ್ರೇಕ್ ಹಾಕು" ಅಂದಳು. ಕಲಿತ ಮೇಲೆ ಮಾತ್ರ ಅಷ್ಟು ಅಚ್ಚುಕಟ್ಟಾಗಿ ಓಡಿಸುವವರನ್ನು ನಾನು ಕಂಡಿಲ್ಲ. ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಂಡ ಮೇಲೇ ಕೀ ತಿರುಗಿಸುವುದು. ಪ್ರತಿ ತಿರುವಿಗೂ ಹಾರನ್. ನಡುಮಧ್ಯಾಹ್ನ, ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಹಾರನ್. "ನಿನ್ನ ಹಿಂದೆ ಬರೋ ದನಗಳೂ ಓವರ್‌ಟೇಕ್ ಮಾಡ್ತಾವಲ್ಲೇ ಮಾರಾಯ್ತಿ" ಅಂತ ಛೇಡಿಸುತ್ತಿದ್ದೆ. "ಮಾಡ್ಲಿ, ಅವುಕ್ಕೆ ಅರ್ಜೆಂಟ್ ಇರ್ಬೌದು" ಅನ್ನುತ್ತಿದ್ದಳು.

ಒಮ್ಮೆ ಅವಳನ್ನು ಮನೆಗೆ ಬಿಡಲು ನನ್ನ ಕಲಿಕೆಯ ಕಾರಿನಲ್ಲಿ ಹೊರಟಿದ್ದೆ. ದಾರಿಯ ಒಂದು ಏರಿನಲ್ಲಿ ಯಾರೋ ಬಿಟ್ಟು ಹೋದ ಕಲ್ಲು ಬಿದ್ದಿತ್ತು. ನಾನು ತಪ್ಪಿಸಿಕೊಂಡು ಮುಂದೆ ಹೋದೆ. ಅವಳು ಹಟ ಹಿಡಿದು ಕಾರು ನಿಲ್ಲಿಸಿದಳು. ಇಳಿದು ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಕಲ್ಲನ್ನು ಉರುಳಿಸಿ ಚರಂಡಿಗೆ ಹಾಕಿ ಬಂದಳು.

"ಇದನ್ನ ಎಂತಕ್ಕೆ ಕಲ್ಸಲ್ಲ ನೀನು?"

"ಪರೀಕ್ಷೆಗೆ ಬರಲ್ಲ ಕಣೇ."

"ರಸ್ತೆಗೆ ಬರ್ತದಲ್ಲ" ಅಂದಳು.

ಅಷ್ಟಕ್ಕೇ ಬಿಡಲಿಲ್ಲ. ಅವರ ಮನೆಯ ಹಿತ್ತಲಲ್ಲಿ ಬಚ್ಚಲು ಕಟ್ಟಿ ಮಿಕ್ಕಿದ್ದ ಕೆಂಪು ಜಂಬಿಟ್ಟಿಗೆ ಕಲ್ಲಿತ್ತು. ಅದರಲ್ಲಿ ಒಂದನ್ನು ಎರಡು ತುಂಡು ಮಾಡಿಸಿದಳು. ಅಂಗನವಾಡಿಯ ಗೋಡೆಗೆ ಬಳಿದು ಉಳಿದಿದ್ದ ಹಳದಿ ಬಣ್ಣವನ್ನು ಎರಡಕ್ಕೂ ಹಚ್ಚಿ ಒಣಗಿಸಿ ಗಂಡನ ಗಾಡಿಯಲ್ಲಿ ಇಟ್ಟಳು. ರಸ್ತೆಬದಿಯ ಕಲ್ಲಾದರೆ ಬಿಟ್ಟು ಬರುತ್ತಾರೆ, ಮನೆಯದಾದರೆ ನೆನಪಿಟ್ಟು ತರುತ್ತಾರೆ ಅನ್ನುವುದು ಅವಳ ಲೆಕ್ಕ. ಭಾವ ನಗಾಡಿದ್ದೇ ನಗಾಡಿದ್ದು. "ನೋಡಿ ಭಾವ, ಅರಿಶಿನ ಹಚ್ಚಿದ ದೇವ್ರು. ಇನ್ನು ದಿನಾ ಒಂದು ಹೂ ಇಟ್ಟು ಗಾಡಿ ತೆಗೀಬೇಕು" ಅಂದ. ಆದರೆ ಇಟ್ಟುಕೊಂಡ. ಎಲ್ಲಿ ನಿಂತರೂ ಅವೇ ಕಲ್ಲು ಕೊಡುತ್ತಿದ್ದ, ಹೊರಡುವಾಗ ಎತ್ತಿ ಹಾಕಿಕೊಂಡು ಬರುತ್ತಿದ್ದ.

ಆ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. ತಂಗಿ ಸ್ಕೂಟಿಯಿಂದ ಬಿದ್ದಿದ್ದಾಳೆ, ತೀರ್ಥಹಳ್ಳಿಗೆ ಕರೆದುಕೊಂಡು ಹೋಗಿದ್ದಾರೆ ಅಂತ. ಕಾರು ತೆಗೆದೆ. ಹೊಸನಗರ ದಾಟಿ ಅವರ ಹಳ್ಳಿಯ ಮುಂದಿನ ಏರಿಗೆ ಬಂದಾಗ ಜನ ನಿಂತಿದ್ದರು. ಅವಳ ಸ್ಕೂಟಿ ಮೋರಿಕಟ್ಟೆಗೆ ಒರಗಿಕೊಂಡು ಬಿದ್ದಿತ್ತು. ನಿಂತೆ. ನಿಲ್ಲದೆ ಹೋಗಿದ್ದರೆ ಒಳ್ಳೆಯದಿತ್ತು ಅಂತ ಎಷ್ಟು ಸಲ ಅನ್ನಿಸಿದೆಯೋ.

"ಮಂಜಲ್ಲಿ ಕಲ್ಲು ಕಂಡಿಲ್ಲ ಕಣ್ರಿ" ಅಂದ ಅಲ್ಲಿದ್ದ ಒಬ್ಬ. "ಯಾವನೋ ಗಾಡಿಯೋನು ಬಿಟ್ಟು ಹೋಗಿದಾನೆ. ಹತ್ತಿಸಿ, ಹಾರಿ, ಹೋಗಿ ಕಟ್ಟೆಗೆ ಹೊಡ್ದಿದ್ದು. ಇನ್ಯಾರಾದ್ರೂ ಬಿದ್ದಾರು ಅಂತ ನಾವೇ ಎತ್ತಿ ಬದಿಗೆ ಹಾಕಿದ್ವಿ" ಅಂತ ಚರಂಡಿ ತೋರಿಸಿದ.

ಕಲ್ಲು ಕೆಂಪು ರಾಡಿ ಮೆತ್ತಿಕೊಂಡು ಕೂತಿತ್ತು. ಮಳೆ ಹನಿಯುತ್ತಿತ್ತು. ರಾಡಿ ಕರಗಿದ ಕಡೆ ಹಳದಿ ಬಣ್ಣ ಕಾಣುತ್ತಿತ್ತು.

ಹಿಂದಿನ ಸಂಜೆ ಭಾವನ ಗಾಡಿ ಪಂಕ್ಚರ್ ಆಗಿದ್ದು ನನಗೆ ಗೊತ್ತಿತ್ತು. ತಂಗಿಯೇ ಫೋನಿನಲ್ಲಿ ಹೇಳಿದ್ದಳು. ಶುಂಠಿ ಲೋಡು, ಮನೆ ಹತ್ತಿರದ ಏರಿನಲ್ಲೇ ಟೈರು ಹೋಯಿತಂತೆ, ಜೋರು ಮಳೆಯಂತೆ, ಹಿಂದೆ ಬಸ್ಸಿನವನು ನಿಂತು ಒಂದೇ ಸಮ ಹಾರನ್ ಹೊಡೆದನಂತೆ, ಇವರು ಪೂರ್ತಿ ನೆಂದು ಬಂದಿದ್ದಾರೆ, ಕಷಾಯ ಮಾಡಿಕೊಟ್ಟೆ ಅಂತ. ಆ ಗಡಿಬಿಡಿಯಲ್ಲಿ ಒಂದು ಕಲ್ಲು ಎತ್ತಿಕೊಂಡು, ಆಚೆ ಬದಿಯದನ್ನು ಮರೆತು ಬಂದಿದ್ದಾನೆ. ಹಳದಿ ಇದ್ದದ್ದು ರಾತ್ರಿಯೆಲ್ಲ ಗಾಡಿಗಳು ಎರಚಿದ ಕೆಸರಿಗೆ ರಸ್ತೆಯ ಬಣ್ಣಕ್ಕೇ ತಿರುಗಿದೆ. ಇಷ್ಟನ್ನೂ ಅಲ್ಲಿ ನಿಂತೇ ಲೆಕ್ಕ ಹಾಕಿದೆ.

ಅವನಿಗೆ ಇದು ಗೊತ್ತಾಗಬಾರದು. ಆ ಹೊತ್ತಿಗೆ ತಲೆಯಲ್ಲಿ ಬಂದದ್ದು ಅದೊಂದೇ. ಜನ ಸ್ಕೂಟಿ ಎತ್ತುತ್ತಿದ್ದಾಗ ನಾನು ಕಲ್ಲನ್ನು ಎತ್ತಿ ನನ್ನ ಕಾರಿನ ಡಿಕ್ಕಿಗೆ ಹಾಕಿ, ಮೇಲೆ ಗೋಣಿಚೀಲ ಮುಚ್ಚಿದೆ. ಯಾರೂ ಕೇಳಲಿಲ್ಲ.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಹೆಲ್ಮೆಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಎದೆ ಕಟ್ಟೆಗೆ ಹೊಡೆದಿತ್ತು. ಭಾವ ಹೊರಗೆ ಬೆಂಚಿನ ಮೇಲೆ ಆ ಹೆಲ್ಮೆಟ್ಟನ್ನು ಇಟ್ಟುಕೊಂಡು ಕೂತಿದ್ದ. ಬೆಳಗಾಗುವ ಮೊದಲೇ ಶುಂಠಿ ಇಳಿಸಲು ತೀರ್ಥಹಳ್ಳಿಗೆ ಬಂದವನಿಗೆ ಅಲ್ಲೇ ಸುದ್ದಿ ಸಿಕ್ಕಿತ್ತು. ನನ್ನನ್ನು ನೋಡಿ ಅಳಲಿಲ್ಲ. "ಕಲ್ಲಿತ್ತಂತಲ್ಲ ಭಾವ. ಎಂಥ ಕಲ್ಲು?" ಅಂತ ಕೇಳಿದ.

"ಕರಿಕಲ್ಲು" ಅಂದೆ. "ದೊಡ್ಡ ಕಾಡುಕಲ್ಲು. ಯಾವನೋ ಲಾರಿಯೋನು ಬಿಟ್ಟು ಹೋಗಿದ್ದು. ಅವನ ಮನೆ ಹಾಳಾಗ."

ಶಾಪ ಬಾಯಿಂದ ಬಿದ್ದ ಮೇಲೆ ಅದು ಯಾರಿಗೆ ತಾಗುತ್ತದೆ ಅಂತ ಹೊಳೆಯಿತು. ಅವನು ತಲೆ ಆಡಿಸಿದ.

ಆಮೇಲಿನ ದಿನಗಳಲ್ಲಿ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಎಷ್ಟೋ ರಾತ್ರಿ ಹೊರಳಾಡಿ, "ಒಂದೇ ಒಂದು ನಿಮಿಷ ಬಗ್ಗಿ ನೋಡ್ಲಿಕ್ಕೆ ಎಂತ ಆಗಿತ್ತಪ್ಪಾ ನಿಂಗೆ" ಅಂತ ಕತ್ತಲಲ್ಲೇ ಬೈದಿದ್ದೇನೆ. ಆದರೆ ಎದುರಿಗೆ ಸಿಕ್ಕಾಗ ಅವನ ಕುತ್ತಿಗೆಯ ನರ, ಬೋಳಿಸದ ಗಡ್ಡ, ಗುಂಡಿ ತಪ್ಪಿಸಿ ಹಾಕಿಕೊಂಡ ಅಂಗಿ ನೋಡಿದರೆ ಬಾಯಿ ಕಟ್ಟುತ್ತಿತ್ತು. ಹಾರನ್ ಹೊಡೆದ ಬಸ್ಸಿನವನಿಗೆ ಬೈದೆ, ಮಳೆಗೆ ಬೈದೆ, ಕಲಿಯಲು ಬಂದವರಿಗಂತೂ ಬೈದದ್ದೇ ಬೈದದ್ದು. ಪರೀಕ್ಷೆಗೆ ಮೊದಲು ಆ ಕಲ್ಲಿನ ಪ್ರಶ್ನೆಯನ್ನು ಎಲ್ಲರಿಗೂ ಕೇಳತೊಡಗಿದ್ದು ಆಗಲೇ. ಏರಿನಲ್ಲಿ ಗಾಡಿ ನಿಲ್ಲಿಸಿ ಕಲ್ಲು ಕೊಡಿಸಿ, ಹೊರಡುವ ಮೊದಲು "ಕಲ್ಲು ತೆಗೆದ್ರಾ?" ಅಂತ ಕೇಳುವುದು ನನಗೆ ಅಭ್ಯಾಸವೇ ಆಗಿಹೋಯಿತು. ಯಾರ ಗಾಡಿ ಎಲ್ಲಿ ಹೊರಟರೂ ಬಾಯಿಗೆ ಅದೇ ಬರುತ್ತದೆ.

ಆ ಹಳದಿ ಕಲ್ಲು ಮಾತ್ರ ಡಿಕ್ಕಿಯಲ್ಲೇ ಉಳಿಯಿತು. ರಸ್ತೆಬದಿಗೆ ಎಸೆದರೆ ಇನ್ಯಾವನೋ ಎತ್ತಿ ಚಕ್ರಕ್ಕೆ ಕೊಟ್ಟು ಬಿಟ್ಟು ಹೋಗುತ್ತಾನೆ. ತುಂಗೆಗೆ ಹಾಕೋಣ ಅಂತ ಒಮ್ಮೆ ತೀರ್ಥಹಳ್ಳಿಯಲ್ಲಿ ಹೊಳೆದಂಡೆವರೆಗೂ ಒಯ್ದೆ. ಬಣ್ಣದ ಮೇಲೆ ಅವಳ ಕುಂಚದ ಎಳೆಗಳು ಕಾಣುತ್ತಿದ್ದವು. ಕೈ ಬಿಡಲು ಆಗಲಿಲ್ಲ. ವಾಪಸ್ ತಂದು ಗೋಣಿ ಮುಚ್ಚಿದೆ.

ಕಳೆದ ಮಳೆಗಾಲದ ಕೊನೆಯಲ್ಲಿ ತೀರ್ಥಹಳ್ಳಿಯಲ್ಲಿ ನೆಂಟರ ಮನೆಯ ಮದುವೆ. ದಾರಿಯಲ್ಲಿ ಭಾವನನ್ನು ಹತ್ತಿಸಿಕೊಂಡೆ. ತಂಗಿ ಹೋದ ಮೇಲೆ ನಾವಿಬ್ಬರೇ ಒಂದು ಗಾಡಿಯಲ್ಲಿ ಕೂತಿರಲಿಲ್ಲ. ಮೋರಿಕಟ್ಟೆ ಬಂದಾಗ ಇಬ್ಬರೂ ಎದುರಿನ ಗಾಜನ್ನೇ ನೋಡುತ್ತಾ ದಾಟಿದೆವು. ಮಳೆಯ ಬಗ್ಗೆ, ಶುಂಠಿಗೆ ಬಂದ ಕೊಳೆರೋಗದ ಬಗ್ಗೆ ಮಾತಾಡಿದೆವು. ಮುಂದೆ ಇನ್ನೊಂದು ಏರು ಹತ್ತುವಾಗ ಕಾರು ಎಡಕ್ಕೆ ಎಳೆಯತೊಡಗಿತು. ಹಿಂದಿನ ಟೈರು ಕೂತಿತ್ತು.

"ನೀವು ಕೂತ್ಕಳಿ ಭಾವ, ಪಂಚೆ ಕೊಳೆ ಆಗ್ತದೆ. ನಾ ಮಾಡ್ತೀನಿ" ಅಂದೆ.

"ನಾನೆಂತ ಮದುಮಗನಾ?" ಅಂದವನೇ ಇಳಿದ. ನಾನು ಹ್ಯಾಂಡ್‌ಬ್ರೇಕ್ ಎಳೆದು, ಬೆಲ್ಟ್ ಬಿಚ್ಚಿ, ಹಿಂದೆ ಓಡುವಷ್ಟರಲ್ಲಿ ಅವನು ಡಿಕ್ಕಿ ಎತ್ತಿ ಜ್ಯಾಕಿಗಾಗಿ ಗೋಣಿಚೀಲ ಸರಿಸಿಯಾಗಿತ್ತು.

ಹಳದಿ ಕಲ್ಲು ಹೊರಗೆ ಕಾಣುತ್ತಿತ್ತು. ಪಕ್ಕದಲ್ಲಿ ಒಂದು ಬೈಕು ಹೋಯಿತು. ನನ್ನ ಬಾಯಿಗೆ ಬಂದದ್ದು ಅರ್ಧ ಸುಳ್ಳು, ಅದೂ ಪೂರ್ತಿ ಆಗಲಿಲ್ಲ. "ಭಾವ, ಅದು..."

"ಗೊತ್ತು" ಅಂದ.

ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. "ಆವತ್ತು ಮಣ್ಣು ಮುಗ್ಸಿ ಬಂದು ಗಾಡಿ ನೋಡ್ದೆ. ಒಂದೇ ಇತ್ತು. ಮತ್ತೆ ಆ ಏರಿಗೆ ಹೋಗಿ ಚರಂಡಿಯೆಲ್ಲ ಹುಡುಕ್ದೆ, ಸಿಗ್ಲಿಲ್ಲ. ನೀವು ಕರಿಕಲ್ಲು ಅಂದ್ರಲ್ಲ, ನಿಮಗೆ ಗೊತ್ತಾಗಿಲ್ಲ ಅಂದ್ಕಂಡೆ. ಗೊತ್ತಾದ್ರೆ ಮತ್ತೆ ನನ್ನ ಮುಖ ನೋಡಲ್ಲ ಅಂತ ಸುಮ್ನಿದ್ದೆ. ಅವಳ ಕಡೆಯೋರು ಅಂತ ನಂಗಿರೋದು ನೀವೊಬ್ರೇ ಅಲ್ವಾ ಭಾವ."

ಅವನಿಗೆ ಗೊತ್ತಾಗಬಾರದು ಅಂತ ನಾನು ಗೋಣಿ ಮುಚ್ಚಿಕೊಂಡು ತಿರುಗಿದ್ದೆ. ನನಗೆ ಗೊತ್ತಾಗಬಾರದು ಅಂತ ಅವನು ಒಬ್ಬನೇ ಅದನ್ನು ನುಂಗಿಕೊಂಡು ಕೂತಿದ್ದ. ಅಷ್ಟು ದಿನ ಇಬ್ಬರೂ ಒಟ್ಟಿಗೆ ಕೂತು ಒಂದು ಸಲ ಅತ್ತಿರಲೂ ಇಲ್ಲ.

ಅವನು ಬಗ್ಗಿ ಆ ಕಲ್ಲನ್ನೇ ಮುಂದಿನ ಚಕ್ರಕ್ಕೆ ಕೊಟ್ಟ. ಅಲ್ಲಾಡದ ಹಾಗೆ ಅಂಗೈಯಿಂದ ಒತ್ತಿದ. ನಾನು ಸೊಪ್ಪು ಮುರಿದು ಹಿಂದೆ ಹಾಸಿ ಬಂದೆ. ಇಬ್ಬರೂ ಸೇರಿ ಟೈರು ಬದಲಾಯಿಸಿದೆವು. ಜ್ಯಾಕು ಒಳಗಿಟ್ಟು, ಸೊಪ್ಪು ಬಾಚಿ ಬದಿಗೆ ಹಾಕಿ, ನಾನು ಬಂದು ಸ್ಟೇರಿಂಗ್ ಮುಂದೆ ಕೂತೆ. ಬೆಲ್ಟ್ ಹಾಕಿಕೊಂಡೆ, ಕನ್ನಡಿ ನೋಡಿದೆ, ಕೀ ತಿರುಗಿಸಿದೆ. ಬಾಯಿ ಅದರಷ್ಟಕ್ಕೆ ಅದೇ ಕೇಳಿಬಿಟ್ಟಿತು.

"ಕಲ್ಲು ತೆಗೆದ್ರಾ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಎಡಗಡೆಯ ಬಾಗಿಲು ತೆರೆಯಿತು. ಭಾವ ಒಳಗೆ ಕೂತ. ಮದುವೆಗೆಂದು ಉಟ್ಟ ಬಿಳಿ ಪಂಚೆಯ ಮೇಲೆ ಕೆಸರಿನ ಸಮೇತ ಆ ಕಲ್ಲನ್ನು ಇಟ್ಟುಕೊಂಡು, ಅದರ ಮೇಲೆ ಎರಡೂ ಕೈ ಮುಚ್ಚಿದ.

"ಈ ಸಲ ತೆಗ್ದೆ ಭಾವ" ಅಂದ.

ನಾನು ಗಾಡಿ ಆಫ್ ಮಾಡಿದೆ. ಮದುವೆಯ ಮುಹೂರ್ತ ಮೀರುತ್ತಿತ್ತು. ಆ ಏರಿನಲ್ಲೇ ಇಬ್ಬರೂ ತುಂಬಾ ಹೊತ್ತು ಕೂತಿದ್ದೆವು.