ಕ್ಯಾಸೆಟ್ಟಿನಲ್ಲಿ ಏಳನೆಯ ದನಿ

ಪತ್ರಿಕೆಯಲ್ಲಿ ‘ನಾಳೆ ವಿದ್ಯುತ್ ವ್ಯತ್ಯಯ’ ಎಂದು ಓದಿ ನಮ್ಮ ಬೀದಿಯಲ್ಲಿ ಖುಷಿಪಡುತ್ತಿದ್ದವರು ಪಂಕಜಮ್ಮ ಒಬ್ಬರೇ. ಜೆ.ಪಿ. ನಗರದಲ್ಲಿ, ಸಾರಕ್ಕಿ ಮಾರುಕಟ್ಟೆಯಿಂದ ಎರಡು ಬೀದಿ ಈಚೆ, ನಮ್ಮ ಮನೆಯ ಮಹಡಿಯಲ್ಲಿ ಅವರ ವಾಸ. ಶಾಲೆಯೊಂದರ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಕರೆಂಟು ಹೋದರೆ ಸುತ್ತಲಿನ ಮೋಟರು, ಮಿಕ್ಸಿ, ಟೀವಿ ಎಲ್ಲ ಸುಮ್ಮನಾಗುತ್ತವೆ. ಆಗ ಅವರು ಸೆಲ್ ಹಾಕಿದ ಟೇಪ್ ರೆಕಾರ್ಡರಿನಲ್ಲಿ, ತಮ್ಮ ಭಜನಾ ಮಂಡಳಿ ಮೂವತ್ತು ವರ್ಷದ ಹಿಂದೆ ಮಾಡಿದ್ದ ಕ್ಯಾಸೆಟ್ಟು ಕೇಳುತ್ತಿದ್ದರು.

ಅದಕ್ಕೆ ಬೆಳಿಗ್ಗೆಯಿಂದಲೇ ತಯಾರಿ. ಗೋಡೆ ಗಡಿಯಾರದ ಸೆಲ್ ತೆಗೆದಿಡುವುದು, ತೊಟ್ಟಿಕ್ಕುವ ನಲ್ಲಿಗೆ ಬಟ್ಟೆ ಕಟ್ಟುವುದು, ಕಿಟಕಿಯ ಸಂದಿಗೆ ಹಳೆ ಸೀರೆ ತುರುಕುವುದು. ಕೇಳಲು ಜೊತೆಗೆ ನನ್ನನ್ನು ಕರೆಯುತ್ತಿದ್ದರು. ನನ್ನ ಬಳೆಗಳ ಸದ್ದೂ ಅವರಿಗೆ ಆಗದು. ಗಾಜಿನ ಬಳೆ ಬಿಚ್ಚಿಡಲು ನನಗೆ ಮನಸ್ಸು ಬಾರದೆ, ಕೈಗೆ ಕರವಸ್ತ್ರ ಸುತ್ತಿಕೊಂಡು ಕೂರುತ್ತಿದ್ದೆ. ಉಳಿಯುತ್ತಿದ್ದುದು ಪಕ್ಕದ ಅಪಾರ್ಟ್‌ಮೆಂಟಿನ ಜನರೇಟರು.

“ಭೀಮೇಶ, ಮೂರು ಗಂಟೆಯಿಂದ ಅರ್ಧ ಗಂಟೆ ಅದನ್ನ ಹಾಕಬೇಡಪ್ಪ” ಎಂದು ಕಾಂಪೌಂಡಿನಿಂದಲೇ ವಾಚ್‌ಮನ್ನನ್ನು ಕೇಳುತ್ತಿದ್ದರು.

“ಲಿಫ್ಟಲ್ಲಿ ಯಾರಾದ್ರೂ ಸಿಕ್ಕಾಕೊಂಡ್ರೆ ನೀವೇ ಬಂದು ಎಳೀಬೇಕು ನೋಡಿ ಆಂಟಿ!”

“ಎಳೀತೀನಿ ಬಿಡೋ. ಮೆಟ್ಟಿಲು ಹತ್ತಿದ್ರೆ ಅವರ ಹೊಟ್ಟೆನೂ ಕರಗುತ್ತೆ.”

ಇಷ್ಟೆಲ್ಲ ಯಾಕೆ ಎಂದು ಒಮ್ಮೆ ಕೇಳಿದೆ. ಕ್ಯಾಸೆಟ್ಟಿನ ಡಬ್ಬಿ ಕೈಗೆತ್ತಿಕೊಂಡು ಹೇಳಿದರು.

ಆ ಕ್ಯಾಸೆಟ್ಟಿಗೆ ಹಾಡಲು ಸ್ಟುಡಿಯೋಗೆ ಹೋದದ್ದು ಏಳು ಜನ. ಏಳನೆಯವಳು ಅವರ ತಂಗಿ ಇಂದ್ರಾಣಿ, ನಾನೂ ಕಂಡಿದ್ದವಳು. ಅವಳಿಗೆ ಶ್ರುತಿ ನಿಲ್ಲುತ್ತಿರಲಿಲ್ಲ. ಪಲ್ಲವಿಯನ್ನು ಎಲ್ಲರೂ ಮುಗಿಸಿದ ಮೇಲೆ ಅವಳ ಕೊನೆಯ ಅಕ್ಷರ ಎಳೆದುಕೊಂಡು ಬರುತ್ತಿತ್ತು. ಮುಂದಾಗಿ ಹಾಡುತ್ತಿದ್ದ ಪಂಕಜಮ್ಮ ಎಲ್ಲರೆದುರು, “ನೀನು ಹಿಂದೆ ಬಾಗಿಲ ಹತ್ತಿರ ಕೂತ್ಕೊ. ಬರೀ ತುಟಿ ಆಡಿಸು, ಸಾಕು” ಎಂದುಬಿಟ್ಟಿದ್ದರು. ಇಂದ್ರಾಣಿ ಹಾಗೆಯೇ ಕೂತಳು. ಅಂದಿನಿಂದ ಸಾಯುವ ತನಕ, ಮೂರು ವರ್ಷದ ಹಿಂದಿನವರೆಗೂ, ಮನೆಯ ಮಂಗಳಾರತಿಗೂ ಬಾಯಿ ತೆರೆಯಲಿಲ್ಲವಂತೆ.

“ನನ್ನ ಮಾತು ಮೀರಿ ಅವತ್ತು ಒಂದಕ್ಷರ ಹಾಡಿದ್ರೂ ಸಾಕಮ್ಮ, ನನ್ನ ಪಾಪ ಅಷ್ಟು ಕಮ್ಮಿ. ಟೇಪಲ್ಲಿ ಎಲ್ಲೋ ಇರಬೇಕು. ಸದ್ದಿಲ್ಲದಿದ್ರೆ ಸಿಕ್ಕುತ್ತೆ.”

ಮೊದಮೊದಲು ನನಗೆ ಆರೇ ದನಿ ಕೇಳುತ್ತಿದ್ದವು. ಹೋದ ಶ್ರಾವಣದ ಒಂದು ಮಧ್ಯಾಹ್ನ, ಮೂರನೆಯ ಹಾಡಿನ ಪಲ್ಲವಿ ಮುಗಿದ ಮೇಲೆ ಕೂದಲೆಳೆಯಷ್ಟು ಸಣ್ಣಗೆ ಒಂದು ದನಿ ಹಿಂದುಳಿದು ಬಂತು. ಪಂಕಜಮ್ಮ ನನ್ನ ಮೊಣಕೈ ಹಿಡಿದುಕೊಂಡರು. ಮುಂದಿನ ಸಲ ಅದು ಸ್ವಲ್ಪ ಹತ್ತಿರವಿತ್ತು. ಟೇಪು ಒಂದೇ, ಸೆಲ್ಲುಗಳೂ ಅಂಥವೇ. ಅದರ ಮುಂದಿನ ಸಲ ಇನ್ನೂ ಹತ್ತಿರ. ನಾನು ಮನೆಗಿಳಿದು ದೇವರ ಮುಂದೆ ದೀಪದ ಬತ್ತಿ ಏರಿಸಿದೆ. ಯಾರಿಗೂ ಹೇಳಲಿಲ್ಲ.

ಕೊನೆಯದು ಈ ಮಾರ್ಚಿನಲ್ಲಿ. ಆ ದಿನ ದನಿ ಟೇಪ್ ರೆಕಾರ್ಡರಿನಿಂದ ಬರಲಿಲ್ಲ. ನಮ್ಮ ಬೆನ್ನ ಹಿಂದೆ, ಅಡಿಗೆಮನೆಯ ಬಾಗಿಲ ಕಡೆಯಿಂದ ಬಂತು. ಅದರಲ್ಲಿ ಏದುಸಿರಿತ್ತು, ಕಫದ ಗೊರಗೊರ ಇತ್ತು. ಇಂದ್ರಾಣಿಯನ್ನು ಕೊನೆಯ ತಿಂಗಳು ಆಸ್ಪತ್ರೆಯಲ್ಲಿ ನಾನೂ ನೋಡಿಕೊಂಡಿದ್ದೆ. ಆ ಉಸಿರು ನನಗೆ ಗೊತ್ತು. ಹಾಡು ಧ್ವನಿಮುದ್ರಣವಾದಾಗ ಅವಳಿಗೆ ಮೂವತ್ತು ತುಂಬಿರಲಿಲ್ಲ.

“ಅಕ್ಕಾ, ಇದು ಟೇಪಲ್ಲಿ ಇರೋದಲ್ಲ” ಎಂದೆ.

“ಹೌದಮ್ಮ. ಅವಳು ಅವತ್ತು ಹಾಡಲೇ ಇಲ್ಲ.” ಪಂಕಜಮ್ಮನ ಕೆನ್ನೆ ಒದ್ದೆಯಾಗಿತ್ತು. “ಒಂದಕ್ಷರವೂ ಹಾಡಲಿಲ್ಲ.”

ಕೈಚಾಚಿ ಟೇಪು ನಿಲ್ಲಿಸಿದರು. ಮನೆಯಲ್ಲಿ ನಮ್ಮಿಬ್ಬರ ಉಸಿರಿನದಲ್ಲದೆ ಬೇರೆ ಸದ್ದಿರಲಿಲ್ಲ. ಅವರು ತಿರುಗದೆಯೇ, ಒಡೆದ ಗಂಟಲಿನಲ್ಲಿ ಪಲ್ಲವಿ ಎತ್ತಿ ಹಾಡಿ ನಿಲ್ಲಿಸಿದರು. “ಈಗ ಹೇಳೇ. ಎಷ್ಟು ಎಳೀತೀಯೋ ಎಳಿ. ನಾನು ಕಾಯ್ತೀನಿ.”

ಬಾಗಿಲ ಕಡೆಯಿಂದ ಪಲ್ಲವಿ ಬಂತು. ನಿಧಾನವಾಗಿ, ಶ್ರುತಿ ತಪ್ಪಿ, ಕೊನೆಯ ಅಕ್ಷರದವರೆಗೂ ಪೂರ್ತಿಯಾಗಿ.

ಭಜನೆ ಮುಗಿದರೆ ಬಂದ ಹೆಂಗಸರಿಗೆ ಅರಿಸಿನ ಕುಂಕುಮ ಕೊಡಬೇಕಲ್ಲ. ಪಂಕಜಮ್ಮ ಎದ್ದು ದೇವರ ಮುಂದಿದ್ದ ಬಟ್ಟಲುಗಳನ್ನು ತಂದು ಮೊದಲು ನನ್ನೆದುರು ಹಿಡಿದರು. ಕರವಸ್ತ್ರ ಬಿಚ್ಚಿ ತೆಗೆದುಕೊಂಡೆ. ಆಮೇಲೆ ಅವರು ಬಾಗಿಲ ಹತ್ತಿರ ಹೋಗಿ, ನೆಲದ ಮೇಲೆ ಕೂತವರಿಗೆ ಕೊಡುವಂತೆ ಬಗ್ಗಿ ಹಿಡಿದರು. ಒಬ್ಬರು ಕೆನ್ನೆಗೆ ಅರಿಸಿನ ಹಚ್ಚಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಾಗೆಯೇ ನಿಂತರು.

ಬಟ್ಟಲುಗಳನ್ನು ವಾಪಸು ತಂದು ನನ್ನ ಪಕ್ಕದಲ್ಲೇ ಇಟ್ಟರು. ನನ್ನದಲ್ಲದ ಬೆರಳ ಗುರುತಿದೆಯೇ ಎಂದು ನಾನು ಅವುಗಳ ಒಳಗೆ ನೋಡಲಿಲ್ಲ.